ಷಡ್ಡಕನ ಬಳಿ ಇಲ್ಲದ ಹದ್ದು

ಬಹಳ ಹಿಂದೆ, ಹದ್ದುಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ನವಿಲುದುರ್ಗ ಎಂಬ ರಾಜ್ಯವಿತ್ತು. ಅಲ್ಲಿನ ಯುವರಾಜ ಮಕರಂದನಿಗೆ ಯಾವ ಕೊರತೆಯೂ ಇರಲಿಲ್ಲ. ಒಬ್ಬ ಷಡ್ಡಕನಿದ್ದ, ಅಷ್ಟೆ.

ಷಡ್ಡಕನ ಹೆಸರು ಶೂರಪಾಲ. ಮಕರಂದನ ಹೆಂಡತಿ ಕೇತಕಿಯ ಅಕ್ಕನ ಗಂಡ, ಪಕ್ಕದ ರಾಜ್ಯದ ಒಡೆಯ. ಇಬ್ಬರಿಗೂ ಒಂದೇ ಹುಚ್ಚು: ಏಳು ಸಮುದ್ರದಾಚೆಯ ಅಮೆರಿಕ ದೇಶದ ಹಳೆಯ ಚಿನ್ನದ ನಾಣ್ಯಗಳು. ಒಂದು ಮಗ್ಗುಲಲ್ಲಿ ನಕ್ಷತ್ರಗಳ ನಡುವೆ ಒಬ್ಬ ಹೆಂಗಸಿನ ಮುಖ, ಇನ್ನೊಂದು ಮಗ್ಗುಲಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಪ್ರತಿ ಯುಗಾದಿಗೆ ಮಾವನ ಮನೆಯಲ್ಲಿ ಅಳಿಯಂದಿರಿಬ್ಬರೂ ತಮ್ಮ ನಾಣ್ಯಗಳನ್ನು ಬೆಳ್ಳಿ ತಟ್ಟೆಯಲ್ಲಿ ಹರಡಬೇಕು. ಯಾರ ತಟ್ಟೆ ಮಾವನಿಗೆ ಹಿಡಿಸುತ್ತದೋ ಅವರಿಗೆ ಊಟದ ಮೊದಲ ಮಣೆ. ಒಂಬತ್ತು ವರ್ಷದಿಂದ ಆ ಮಣೆಯ ಮೇಲೆ ಶೂರಪಾಲನೇ ಕೂತಿದ್ದ. ಮಣೆಗೂ ಅಭ್ಯಾಸವಾಗಿಹೋಗಿತ್ತು.

ಮಕರಂದ ತನ್ನ ನಾಣ್ಯಗಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಳತಳ ಹೊಳೆಯುವಂತೆ ಉಜ್ಜುತ್ತಿದ್ದ. ಶೂರಪಾಲ ತನ್ನವನ್ನು ಅಂಚು ಹಿಡಿದು ಎತ್ತಿ, ಅಂಚು ಹಿಡಿದು ಇಡುತ್ತಿದ್ದ.

"ಉಜ್ಜಬೇಡ ತಮ್ಮಯ್ಯ," ಎಂದು ಹೋದ ಯುಗಾದಿಯಲ್ಲೂ ಹೇಳಿದ್ದ. "ಹಳೆಯ ನಾಣ್ಯಕ್ಕೆ ಅದರ ಮಬ್ಬೇ ಬೆಲೆ. ನಿನ್ನ ಹದ್ದುಗಳೆಲ್ಲ ಪುಕ್ಕ ಕಿತ್ತ ಕೋಳಿಗಳಾಗಿವೆ."

ಮಾವ ನಕ್ಕಿದ್ದರು. ಒಳ್ಳೆಯ ಸಲಹೆಯನ್ನು ಕ್ಷಮಿಸುವುದು ಕಷ್ಟ. ಹೇಳಿದವನು ಮೊದಲ ಮಣೆಯ ಮೇಲೆ ಪಾಯಸ ಸುರಿದುಕೊಳ್ಳುತ್ತಾ ಹೇಳಿದ್ದರೆ ಇನ್ನೂ ಕಷ್ಟ. ಅಂದಿನಿಂದ ಮಕರಂದನಿಗೆ ನಿದ್ದೆ ಹತ್ತಲಿಲ್ಲ, ಊಟ ಸೇರಲಿಲ್ಲ.

"ರೀ, ಭಾವನ ಹತ್ತಿರ ಇಪ್ಪತ್ತು ಇದ್ದರೆ ಇರಲಿ ಬಿಡಿ. ನಮ್ಮಲ್ಲೂ ಹತ್ತೊಂಬತ್ತಿವೆಯಲ್ಲ," ಎಂದಳು ಕೇತಕಿ.

"ಹತ್ತೊಂಬತ್ತೂ ಒಂದು ಸಂಖ್ಯೆಯೇನೇ?" ಎಂದ ಮಕರಂದ, ನಾಣ್ಯದಿಂದ ಕಣ್ಣೆತ್ತದೆ.

ಮುಂದಿನ ಯುಗಾದಿ ಹತ್ತಿರ ಬಂತು. ಹೊಗೆಬೆಟ್ಟದ ಮಾಂತ್ರಿಕ ಕಂಟಕಾಕ್ಷನ ಬಳಿ ಒಂದು ಅಮೆರಿಕದ ನಾಣ್ಯವಿದೆ, ಅದರ ಹದ್ದು ನಿಜವಾಗಿಯೂ ರೆಕ್ಕೆ ಬಡಿಯುತ್ತದೆ ಎಂಬ ಸುದ್ದಿ ಬಂತು. ಮಕರಂದ ಕುದುರೆ ಏರಿದ.

ಬೆಟ್ಟದ ಮೊದಲ ಬಾಗಿಲಲ್ಲಿ ಏಳು ಹೆಡೆಯ ಸರ್ಪವಿತ್ತು. "ಒಳಗೆ ಹೋಗಬೇಕಾದರೆ ನಿನ್ನ ನಿದ್ದೆ ಕೊಡು," ಎಂದಿತು.

"ತಗೋ," ಎಂದ. ಸರ್ಪ ಏಳು ನಾಲಗೆಯಿಂದ ತಡಕಾಡಿದರೂ ಚಟಾಕು ನಿದ್ದೆಯೂ ಸಿಗಲಿಲ್ಲ. ಒಪ್ಪಂದ ಒಪ್ಪಂದವೇ. ಬಾಗಿಲು ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬೆಂಕಿಮೀಸೆಯ ಹುಲಿಯಿತ್ತು. "ನಿನ್ನ ಹಸಿವು ಕೊಡು," ಎಂದಿತು.

"ತಗೋ," ಎಂದ. ಹುಲಿ ಅವನ ಹೊಟ್ಟೆಗೆ ಮೂಗಿಟ್ಟು ಮೂಸಿತು. "ನಿನ್ನನ್ನು ಯಾರೋ ಆಗಲೇ ತಿಂದುಬಿಟ್ಟಿದ್ದಾರೆ," ಎಂದು ಮರುಗಿ ಬಾಗಿಲು ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಕಂಟಕಾಕ್ಷನೇ ಇದ್ದ. "ವರ್ಷದಿಂದ ನಿನ್ನ ಮನೆಯಲ್ಲಿ ನೀನು ಕಣ್ಣೆತ್ತಿ ನೋಡದಿರುವುದು ಒಂದಿದೆ. ಅದನ್ನು ಕೊಡು."

ಹಿತ್ತಲಿನ ಹಳೆಯ ಒರಳುಕಲ್ಲು ಇರಬೇಕು ಎಂದುಕೊಂಡ ಮಕರಂದ. "ಇಂಥ ಹದ್ದು ನನ್ನ ಷಡ್ಡಕನ ಬಳಿ ಇಲ್ಲ ತಾನೇ?"

"ಇಲ್ಲ."

"ಹಾಗಾದರೆ ತಗೊಳ್ಳಿ."

ನಾಣ್ಯ ಮಬ್ಬಾಗಿತ್ತು. ಅರಮನೆಗೆ ಬಂದವನೇ ಹುಣಸೆಹಣ್ಣು ತರಿಸಿ, ಹದ್ದಿನ ಮಗ್ಗುಲು ಕೆಳಗೆ ಮಾಡಿ, ಉಜ್ಜತೊಡಗಿದ.

"ರೀ, ಮೂಗು ಉರಿಯುತ್ತೆ," ಎಂದಿತು ನಾಣ್ಯ.

ಮಕರಂದ ಬಗ್ಗಿ ನೋಡಿದ. ನಕ್ಷತ್ರಗಳ ನಡುವೆ ಕೇತಕಿಯ ಮುಖವಿತ್ತು. ಒಂದು ವರ್ಷದ ಮೇಲೆ ನೋಡುತ್ತಿದ್ದಾನೆ. ಕಣ್ಣ ಕೆಳಗೆ ಕಪ್ಪಾಗಿತ್ತು. ಮೂಗಿನ ತುದಿ ಮಾತ್ರ ಆಗಲೇ ಸವೆದು ಹೊಳೆಯುತ್ತಿತ್ತು. ಅರಮನೆಯೆಲ್ಲ ಹುಡುಕಿದ. ಕೇತಕಿ ಎಲ್ಲೂ ಇಲ್ಲ. ಒರಳುಕಲ್ಲು ಇದ್ದಲ್ಲೇ ಇತ್ತು.

ಹಿಂಬದಿಯ ಹದ್ದು ಹೇಳಿತು: "ನಿನಗೆ ಯಾರನ್ನು ಕಂಡರೆ ಹೊಟ್ಟೆ ಉರಿಯುತ್ತದೋ ಅವರಿಗೆ ನನ್ನನ್ನು ಉರಿಯಿಲ್ಲದೆ ಕೊಡಬೇಕು. ಯುಗಾದಿಯ ಸೂರ್ಯ ಮುಳುಗಿದರೆ ಇವಳು ಎಂದೆಂದಿಗೂ ಚಿನ್ನ."

"ಬೇರೆ ಯಾರಿಗಾದರೂ ಕೊಟ್ಟರೆ ಆಗದೇ?"

ಹದ್ದು ಕೊಕ್ಕನ್ನು ರೆಕ್ಕೆಯೊಳಗೆ ಸಿಕ್ಕಿಸಿಕೊಂಡಿತು.

ಯುಗಾದಿಯ ದಿನ ಮಾವನ ಮನೆಯಲ್ಲಿ ಶೂರಪಾಲ ಎಂದಿನಂತೆ ಮೊದಲ ಮಣೆಯ ಬಳಿ ನಿಂತಿದ್ದ. ಮಕರಂದ ಕೈ ಚಾಚಿದ. "ಅಣ್ಣ, ಇದು ನಿಮಗೆ." ಇವನಿಗೆ ಇಪ್ಪತ್ತೊಂದಾಗುತ್ತದೆ ಎಂದು ಮನಸ್ಸು ಲೆಕ್ಕ ಹಾಕಿತು. ನಾಣ್ಯ ಅಂಗೈಗೆ ಅಂಟಿಕೊಂಡಿತು.

"ಕೊಡುವವನೋ ತೋರಿಸುವವನೋ?" ಎಂದ ಶೂರಪಾಲ.

ಮಕರಂದ ಮತ್ತೆ ಕೈ ಚಾಚಿದ. ತನ್ನ ದೊಡ್ಡ ಮನಸ್ಸನ್ನು ಮಾವ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಲ್ಲಿ ನೋಡಿದ. ನಾಣ್ಯ ಒರಳುಕಲ್ಲಿನಷ್ಟು ಭಾರವಾಗಿ ಕಾಲಿನ ಮೇಲೆ ಬಿತ್ತು.

ಸೂರ್ಯ ತೆಂಗಿನ ಮರಕ್ಕಿಂತ ಕೆಳಗಿಳಿದಿದ್ದ. ಮಕರಂದ ಕುಂಟುತ್ತಾ ಬಗ್ಗಿ, ನಾಣ್ಯದ ಮುಖ ನೋಡಿದ. ಸವೆದ ಮೂಗಿನ ಪಕ್ಕದಲ್ಲಿ ಸಾಸಿವೆಯಷ್ಟು ಕಣ್ಣೀರು ನಿಂತಿತ್ತು. ಒರೆಸಲು ಬೆರಳು ಹೋಯಿತು. ಒರೆಸಿದರೆ ಇನ್ನಷ್ಟು ಸವೆಯುತ್ತಾಳೆಂದು ತಡೆದುಕೊಂಡ. ಜೀವನದಲ್ಲಿ ಮೊದಲ ಸಲ ಒಂದು ನಾಣ್ಯವನ್ನು ಅಂಚು ಹಿಡಿದು ಎತ್ತಿದ.

"ಜೋಪಾನ," ಎಂದಷ್ಟೇ ಹೇಳಿ ಎದುರಿಗೆ ಕಂಡ ಕೈಯಲ್ಲಿಟ್ಟ. ಅದು ಯಾರ ಕೈ ಎಂಬುದು ಆ ಕ್ಷಣ ಅವನಿಗೆ ನೆನಪಿರಲಿಲ್ಲ.

ಹದ್ದು ನಾಣ್ಯದಿಂದ ಎದ್ದು ಕಿಟಕಿಯಿಂದ ಹಾರಿಹೋಯಿತು. ಕೇತಕಿ ಎದುರಿಗೆ ನಿಂತಿದ್ದಳು. ಪರರ ಹೊಟ್ಟೆಯುರಿಯಲ್ಲೇ ಚಳಿ ಕಾಯಿಸಿಕೊಂಡು ಬದುಕಿದ್ದ ಕಂಟಕಾಕ್ಷ ಹೊಗೆಬೆಟ್ಟದಲ್ಲಿ ಕೆಂಡ ಆರಿದಂತೆ ಆರಿ ಬೂದಿಯಾದ. ಅವನ ಪೆಟ್ಟಿಗೆಯ ನಾಣ್ಯಗಳಲ್ಲಿ ಸಿಕ್ಕಿಬಿದ್ದಿದ್ದ ಹೆಂಡಿರು, ಮಕ್ಕಳು, ಒಬ್ಬರು ಅತ್ತೆ ಕೂಡ, ತಂತಮ್ಮ ಮನೆ ಸೇರಿದರು. ಅತ್ತೆಯ ಮನೆಯಲ್ಲೂ ಸಂತೋಷವೇ ಆಯಿತೆಂದು ಹೇಳುತ್ತಾರೆ.

ಶೂರಪಾಲನ ಕೈಯಲ್ಲಿ ಬೋಳು ಚಿನ್ನದ ಬಿಲ್ಲೆ ಉಳಿದಿತ್ತು. ಅವನು ಹಿಂದೆ ಮುಂದೆ ತಿರುಗಿಸಿದ. "ಇದರಲ್ಲಿ ಏನೂ ಇಲ್ಲವಲ್ಲ ತಮ್ಮಯ್ಯ?"

"ಉಜ್ಜಬೇಡಿ ಅಣ್ಣ," ಎಂದ ಮಕರಂದ.

ಅಂದು ಎರಡನೆಯ ಮಣೆಯ ಮೇಲೆ ಕೂತು ಹತ್ತು ಹೋಳಿಗೆ ತಿಂದು, ಕೂತಲ್ಲೇ ಗೊರಕೆ ಹೊಡೆದ. ಎಲ್ಲರೂ ಬಹುಕಾಲ ಸುಖವಾಗಿದ್ದರು. ಯುಗಾದಿಗೊಮ್ಮೆ ಅವನ ಕಣ್ಣು ಷಡ್ಡಕನ ತಟ್ಟೆಯ ಕಡೆ ಹೊರಳಿದರೆ, ಕೇತಕಿ ಆಗಲೂ ಹೊಳೆಯುತ್ತಿದ್ದ ತನ್ನ ಮೂಗಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿಕೊಳ್ಳುತ್ತಿದ್ದಳು. ಅವನು ಎಲೆಯ ಕಡೆ ತಿರುಗಿ ಊಟ ಮಾಡುತ್ತಿದ್ದ.