ಮನೆಯವರು ಕಾಯ್ತಿರ್ತಾರೆ

ಐದನೆಯ ಶನಿವಾರ ಅವಳು ತುಸು ಬೇಗನೇ ಬಂದು, ಲೈಬ್ರರಿ ಮಹಡಿಯ ಮಕ್ಕಳ ಕೋಣೆಯಲ್ಲಿ ಪಕ್ಕದ ಪುಟ್ಟ ಕುರ್ಚಿಯ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿದಿದ್ದಳು. ಪಾಲಕರ ಕಾರ್ಯಾಗಾರ ನಡೆಸುವ ಮೇಡಂ ಹತ್ತಿರ ಬಂದು ದನಿ ತಗ್ಗಿಸಿದರು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಜೊತೆ ಕೂರ್ತಿದ್ರಲ್ಲ, ಕನ್ನಡಕದಂಗಡಿಯವರು, ಪಾಠಕ್ಕೆ ಬೇರೆ ಜೋಡಿ ಕೊಡಿ ಅಂದಿದ್ದಾರೆ."

"ಅಯ್ಯೋ, ಅದಕ್ಕೇನಂತೆ," ಎನ್ನುತ್ತ ಬ್ಯಾಗ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಷ್ಟು ಸಲೀಸಾಗಿ ಸುಳ್ಳು ಹೇಳಿ ಎಷ್ಟು ಕಾಲವಾಗಿತ್ತೋ.

ಅವಳ ಹದಿನೈದರ ಮಗಳು ಮಾತು ಬಿಟ್ಟು ಬಾಗಿಲು ಬಡಿಯುವುದನ್ನು ಕಲಿತಿದ್ದಳು. ಅದಕ್ಕೆ ಮದ್ದು ಹುಡುಕಿಕೊಂಡು, ಶನಿವಾರ ಸಂಜೆ ಎರಡು ಗಂಟೆಯ ಹೊತ್ತು ತನ್ನ ಹೊಲಿಗೆಯಂಗಡಿ ಮುಚ್ಚಿ ಇಲ್ಲಿಗೆ ಬರತೊಡಗಿದ್ದಳು. ಕನ್ನಡಕದಂಗಡಿಯವನು ಬಂದದ್ದು ತಾಯಿಯಿಲ್ಲದ ಒಂಬತ್ತರ ಮಗಳಿಗಾಗಿ. ಆ ಮಗು ಏನನ್ನೂ ಬೇಡುವುದಿಲ್ಲವಂತೆ, ಎಲ್ಲಕ್ಕೂ "ಪರವಾಗಿಲ್ಲ ಅಪ್ಪ" ಅನ್ನುತ್ತದಂತೆ.

"ನಿಮ್ಮವಳು ಬಾಗಿಲಾದ್ರೂ ಬಡೀತಾಳೆ," ಎಂದಿದ್ದ ಮೊದಲ ದಿನ. "ನಮ್ಮವಳಿಗೆ ಎರಡು ದಿನ ಟ್ರೈನಿಂಗ್ ಕೊಡಿಸ್ತೀರಾ?"

ಮೂರನೆಯ ವಾರ ಪಾತ್ರ ಮಾಡುವ ಪಾಠ. ಅವಳು ಅವಳೇ, ಅವನು ಅವಳ ಮಗಳು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಕ್ಕಳ ಕುರ್ಚಿಯಲ್ಲಿ ಮುದುಡಿ ಕೂತಿದ್ದ ಆ ಆರಡಿ ಮನುಷ್ಯ, ಕಣ್ಣು ಮೇಲೆ ತಿರುಗಿಸಿ "ನಿನಗೇನೂ ಅರ್ಥ ಆಗಲ್ಲಮ್ಮ" ಎಂದು ಇಲ್ಲದ ಬಾಗಿಲನ್ನು ಧಡಾರನೆ ಬಡಿದ. ಅವಳು ನಕ್ಕ ನಗೆಗೆ ಕೆಳಗಿನ ಓದುವ ಕೋಣೆಯಿಂದ ದೂರು ಬಂತು. ನಕ್ಕು ಸಾಕಾಗಿ ತಲೆಯೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದೆನೆಂದು ಗೊತ್ತಾಗಿ, ಸರಿಯಾಗಿಯೇ ಇದ್ದ ಕನ್ನಡಕವನ್ನು ಮತ್ತೆ ಸರಿಮಾಡಿಕೊಂಡ.

ಆ ನಗುವೇ ಅತಿಯಾಯಿತೇನೋ, ಎಂದುಕೊಂಡಳು ಈಗ. ಒಬ್ಬಳೇ ಬದುಕುವ ಹೆಂಗಸು ನಗುವಿಗೂ ಅಳತೆಯ ಟೇಪು ಹಿಡಿದಿರುತ್ತಾಳೆ. ಆ ದಿನ ಟೇಪು ಕೈತಪ್ಪಿತ್ತು.

ಹೊಸ ಜೋಡಿಯಾಗಿ ಬಂದವರು ಅವಳಿ ಮಕ್ಕಳ ತಾಯಿ. ಕೂತವರೇ ಅವಳ ಕೈ ಹಿಡಿದುಕೊಂಡರು.

"ಪಾಪ, ನಿಮ್ಮ ಯಜಮಾನ್ರಿಗೆ ಈಗ ಹೇಗಿದೆ?"

"ಯಾವ ಯಜಮಾನ್ರು?"

"ಹುಷಾರಿಲ್ವಂತಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡ್ಬೇಕಂತಲ್ಲ. ಕನ್ನಡಕದವರು ಹೇಳಿದ್ರು. ಮನೇಲಿ ಕಷ್ಟ ಇದೆ, ಸ್ವಲ್ಪ ಚೆನ್ನಾಗಿ ನೋಡ್ಕೊಳ್ಳಿ ಅಂತ ನನಗೆ ಹೇಳಿ ತಾವು ಹೋಗಿ ಮೂಲೇಲಿ ಕೂತಿದ್ದಾರೆ."

ಅವಳಿಗೆ ಹೋದ ಶನಿವಾರ ನೆನಪಾಯಿತು. ಮೆಟ್ಟಿಲಿಳಿಯುವಾಗ ಅವನು ಕಾಫಿಗೆ ಕರೆದಿದ್ದ. ಇವಳು ಗಡಿಯಾರ ನೋಡಿ, "ಇಲ್ಲ ರೀ, ಮನೆಯವರು ಕಾಯ್ತಿರ್ತಾರೆ, ಮಾತ್ರೆ ಕೊಡ್ಬೇಕು" ಎಂದು ಓಡಿದ್ದಳು. ಕಾಯುತ್ತಿದ್ದದ್ದು ಅಪ್ಪ. ಮನೆಯವರು ಎಂದರೆ ಮನೆಯಲ್ಲಿರುವವರು, ಅಷ್ಟೇ. ಗಂಡ ಎಂಬ ಅರ್ಥ ಆ ಮಾತಿನಿಂದ ಉದುರಿಹೋಗಿ ಒಂಬತ್ತು ವರ್ಷವಾಗಿತ್ತು. ಆ ಗಂಡನೋ, ಡೈವೋರ್ಸ್ ತೆಗೆದುಕೊಂಡು ಬೇರೆ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದ.

ಹೋಗಿ ಹೇಳಿಬಿಟ್ಟರೆ ಮುಗಿಯಿತು. ಆದರೆ ಯಾರೂ ಕೇಳದಿರುವಾಗ ಒಬ್ಬ ಗಂಡಸಿನೆದುರು ನಿಂತು "ನನಗೆ ಗಂಡನಿಲ್ಲ" ಎನ್ನುವುದು ಬರೀ ತಿದ್ದುಪಡಿಯೇ? ಅದು ಕರೆದಂತೆ. ಹೇಳದಿದ್ದರೆ, ಕಾರ್ಯಾಗಾರ ಮುಗಿಯಲು ಇನ್ನು ಮೂರೇ ಶನಿವಾರ. ಆಮೇಲೆ ಅವನು ಯಾರೋ, ಅವಳು ಯಾರೋ.

ಅಂದಿನ ಪಾಠ ಚಿಕ್ಕದು. ಮಕ್ಕಳಿಗೆ ಹೇಳಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ, ಆಮೇಲೆ ಹತ್ತು ಎಣಿಸುವ ತನಕ ತುಟಿ ಬಿಚ್ಚಬೇಡಿ.

ಮನೆಗೆ ಬಂದವಳು ಮಗಳ ಬಾಗಿಲೆದುರು ನಿಂತಳು. "ನನಗೆ ಒಬ್ಬರು ಇಷ್ಟ ಆಗಿದ್ದಾರೆ." ಎಣಿಸತೊಡಗಿದಳು. ಏಳಕ್ಕೆ ಬಾಗಿಲು ತೆರೆಯಿತು.

"ನನ್ನ ಹಾಗೆ ಬಾಗಿಲು ಬಡಿದರಲ್ಲ, ಅವರಾ?"

"ನಿನಗೆ ಹೇಗೆ ಗೊತ್ತಾಯ್ತೇ?"

"ಆ ಕಥೆ ನಾಲ್ಕು ಸಲ ಹೇಳಿದ್ದೀಯಮ್ಮ. ತಾತನಿಗೂ ಬಾಯಿಪಾಠ ಆಗಿದೆ."

"ನಿನಗೆ ಬೇಜಾರಾ?"

ಮಗಳು ಉಗುರು ನೋಡಿಕೊಂಡಳು. "ಗೊತ್ತಿಲ್ಲ. ಆದ್ರೆ ಕದ್ದುಮುಚ್ಚಿ ಮಾಡದೆ ನನಗೆ ಹೇಳಿದೆಯಲ್ಲ, ಅದು ಇಷ್ಟ ಆಯ್ತು. ಅವರಿಗೆ ಗೊತ್ತಾ?"

"ಇಲ್ಲ."

"ಮತ್ತೆ ಇಲ್ಲೇನು ಮಾಡ್ತಿದ್ದೀಯ? ಹೋಗಿ ಅವರಿಗೆ ಹೇಳು."

ಬಾಗಿಲು ಮುಚ್ಚಿತು. ಮೆತ್ತಗೆ.

ಸೋಮವಾರ ಅವಳು ಅವನ ಅಂಗಡಿಯ ಮೆಟ್ಟಿಲು ಹತ್ತಿದಳು. "ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ," ಎಂದಳು. ಅದು ನಿಜವೂ ಆಗಿತ್ತು.

ಅವನು ಅಳೆದು ತೂಗಿ ಮಾತಾಡಿದ. ಕೂರಿಸಿದ, ಪರೀಕ್ಷೆಯ ಭಾರದ ಫ್ರೇಮನ್ನು ಮೂಗಿನ ಮೇಲಿಟ್ಟ, ಒಂದೊಂದೇ ಗಾಜು ಹಾಕಿ ತೆಗೆದ. ಅವನ ಮುಖ ಗೇಣು ದೂರದಲ್ಲಿತ್ತು, ಕಣ್ಣು ಮಾತ್ರ ಎಲ್ಲೋ ಇತ್ತು.

"ಇದು ಚೆನ್ನಾಗಿದೆಯಾ, ಮೊದಲಿನದಾ?"

"ಮೊದಲಿನದು."

"ಮನೇಲಿ... ಈಗ ಹೇಗಿದ್ದಾರೆ?" ಗೋಡೆಯ ಅಕ್ಷರಗಳನ್ನು ನೋಡುತ್ತ ಕೇಳಿದ.

"ಚೆನ್ನಾಗಿದ್ದಾರೆ. ಎಪ್ಪತ್ತೆಂಟು ತುಂಬಿತು."

ಗಾಜು ಹಿಡಿದ ಕೈ ಅಲ್ಲೇ ನಿಂತಿತು. "ಎಷ್ಟು?"

"ಎಪ್ಪತ್ತೆಂಟು. ನಮ್ಮಪ್ಪ. ನನ್ನ ದಾರಿ ಕಾಯೋ ಗಂಡಸರು ಅವರೊಬ್ಬರೇ. ಗಂಡ ಅನ್ನೋರು ಒಂಬತ್ತು ವರ್ಷದಿಂದ ಇಲ್ಲ. ಇದನ್ನ ನಿಮಗೆ ಹೇಳೋಣ ಅಂತಲೇ ಬಂದೆ, ದಾರ ಬರೀ ನೆಪ."

ಆ ಗಾಜಿನಲ್ಲಿ ಅವನು ಬರೀ ಮಸುಕು. ಒಳ್ಳೆಯದೇ ಆಯಿತು, ಮುಖ ಕಂಡಿದ್ದರೆ ಅಷ್ಟುದ್ದ ಹೇಳಲಾಗುತ್ತಿರಲಿಲ್ಲ.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ನಿಮ್ಮ ಯಜಮಾನ್ರು ಬೇಗ ಹುಷಾರಾಗ್ಲಿ ಅಂತ ದಿನಾ ಬೇಡ್ಕೊಳ್ತಿದ್ದೆ."

"ಮನಸಾರೆ?"

"ಅರ್ಧ ಮನಸ್ಸಿಂದ. ಅದಕ್ಕೇ ನಾಚಿಕೆಯಾಗಿ ದೂರ ಕೂತೆ. ಪಕ್ಕದಲ್ಲಿ ಕೂತು ನಿಮ್ಮ ನಗು ಕೇಳಿದ್ರೆ ಆ ಅರ್ಧಾನೂ ಉಳೀತಿರಲಿಲ್ಲ."

ಅವಳು ನಕ್ಕುಬಿಟ್ಟಳು. ಫ್ರೇಮು ಜಾರಿತು. ಅವನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದ. ಫ್ರೇಮು ನಿಂತಮೇಲೂ ಕೈ ತೆಗೆಯಲಿಲ್ಲ.

"ನೀವು ನನಗೆ ತುಂಬಾ ಇಷ್ಟ," ಎಂದ, ತೀರ ಮೆಲ್ಲಗೆ. "ಇದನ್ನ ಪೂರ್ತಿ ಮನಸ್ಸಿಂದಲೇ ಹೇಳ್ತಿದ್ದೀನಿ."

"ನನಗೂ," ಎಂದಳು ಅವಳು.

ಬಹಳ ಹೊತ್ತಿನ ಮೇಲೆ ಅವನು ರಸೀದಿ ಪುಸ್ತಕ ಎಳೆದುಕೊಂಡ. "ನಾಳೆ ಸಂಜೆಗೇ ಕನ್ನಡಕ ರೆಡಿ ಮಾಡ್ಕೊಡ್ತೀನಿ."

"ಅಷ್ಟು ಬೇಗ ಯಾಕೆ?" ಎಂದಳು. "ನಾವು ಟೈಲರ್‌ಗಳು ಒಂದು ಅಂಗಿಗೆ ಗಿರಾಕೀನ ನಾಲ್ಕು ಸಲ ಓಡಾಡಿಸ್ತೀವಿ. ನೀವೂ ಸ್ವಲ್ಪ ಕಲೀರಿ."

ಅವನು ಬರೆದ ತಾರೀಖನ್ನು ಹೊಡೆದುಹಾಕಿ, ದುಂಡು ಅಕ್ಷರದಲ್ಲಿ ಬರೆದುಕೊಟ್ಟ: 'ನಾಳೆ ಬಂದು ಕೇಳಿ.'