ನೆಕ್ಕುವ ಲಸಿಕೆ

“ಕದಲಿದರೆ ಸುಟ್ಟುಬಿಡ್ತೀನಿ!”

ನಾನು ಕದಲಲಿಲ್ಲ. ಕದಲುವ ಹಾಗೂ ಇರಲಿಲ್ಲ... ಬಲಗಾಲು ಮೊಣಕಾಲವರೆಗೆ ಸಗಣಿಯಲ್ಲಿ ಹೂತಿತ್ತು!

ಎದುರಿಗೆ ಕೋಟು ತೊಟ್ಟ ಧಡಿಯ. ಒಂದು ಕೈಯಲ್ಲಿ ಪಿಸ್ತೂಲು. ಕಂಕುಳಲ್ಲಿ ಸ್ಟೀಲ್ ಡಬ್ಬ.

ಆ ಡಬ್ಬ ಕಾಯುವುದಕ್ಕೇ ಡಾಕ್ಟರಮ್ಮ ನನ್ನನ್ನು ಕರೆಸಿದ್ದರು. ದನದ ಡಾಕ್ಟರು. ಏಳು ವರ್ಷ ಹೆಣಗಿ, ಸೂಜಿ ಚುಚ್ಚದೆ ಕೊಡುವ ಲಸಿಕೆ ಮಾಡಿದ್ದರು. ಸಿಹಿ ಪೇಸ್ಟು. ಹಸು ನೆಕ್ಕಿದರೆ ಸಾಕು!

ತೊಂದರೆ ಒಂದೇ... ಹಸುಗಳು ನೆಕ್ಕುತ್ತಿರಲಿಲ್ಲ. ತಟ್ಟೆ ಮೂಸಿ ಮುಖ ತಿರುಗಿಸುತ್ತಿದ್ದವು. ಇವತ್ತು ಹನ್ನೊಂದಕ್ಕೆ ಸಮಿತಿಯ ಮುಂದೆ ಕೊನೆಯ ಪರೀಕ್ಷೆ. ಹನ್ನೆರಡು ಹಸುಗಳೂ ನೆಕ್ಕದಿದ್ದರೆ ಲ್ಯಾಬ್‌ಗೆ ಬೀಗ.

“ಡಬ್ಬ ಕೆಳಗಿಡಪ್ಪಾ. ಅದನ್ನ ದನಾನೇ ಮುಟ್ಟಲ್ಲ. ನಿನಗ್ಯಾಕೆ?”

“ನನಗೇನ್ ಗೊತ್ತು? ಸಿರಿಂಜ್ ಕಂಪನಿಯೋರು ತಾ ಅಂದ್ರು... ತಗೊಂಡ್ ಹೋಗ್ತಿದೀನಿ!”

ಓಟ ಕಿತ್ತ.

ಬೂಟನ್ನು ಸಗಣಿಗೇ ಬಿಟ್ಟು ನಾನೂ ಹಿಂದೆ ಬಿದ್ದೆ! ಮೇವಿನ ರಾಶಿ ಹತ್ತಿ ಇಳಿದೆವು. ಕೊಟ್ಟಿಗೆಗೆ ಮೂರು ಸುತ್ತು. ಧಡಿಯನ ಮೈಯಿಂದ ಬೆವರು ಕಿತ್ತುಕೊಂಡು ಹರಿಯಿತು.

ಢಂ! ಗುಂಡು ನನ್ನನ್ನು ಬಿಟ್ಟು ನೀರಿನ ಟ್ಯಾಂಕಿಗೆ ಬಡಿಯಿತು. ನೆಲವೆಲ್ಲ ಕೆಸರು. ಧಡಿಯ ಜಾರಿದ... ಪಿಸ್ತೂಲು ಒಂದು ಕಡೆ, ಅವನೊಂದು ಕಡೆ! ಡಬ್ಬ ಅವನ ಮೇಲೇ ಕವುಚಿಕೊಂಡಿತು. ತಲೆಯಿಂದ ಸೊಂಟದವರೆಗೆ ಪೇಸ್ಟು.

ಏಳು ವರ್ಷದ ದುಡಿಮೆ ಒಬ್ಬ ಪುಂಡನ ಕೋಟಿನ ಪಾಲು!

ಆಗ ಒಂದು ಕಂದು ಹಸು ಬಂತು. ಮೂಸಿತು. ಅವನ ಕಿವಿ ನೆಕ್ಕಿತು!

ಇನ್ನೊಂದು ಬಂತು. ಮತ್ತೆರಡು. ನೂಕುನುಗ್ಗಲು!

ಡಾಕ್ಟರಮ್ಮ ಏದುಸಿರು ಬಿಡುತ್ತ ಓಡಿ ಬಂದರು. ಹಿಂದೆಯೇ ಟೈ ಕಟ್ಟಿದ ಸಮಿತಿ.

“ಅಯ್ಯೋ... ಬೆವರು! ಉಪ್ಪು ಬೇಕಿತ್ತು ಕಣ್ರೀ ಇವಕ್ಕೆ, ಉಪ್ಪು! ನಾನು ದಡ್ಡಿ, ಬರೀ ಸಿಹಿ ಸುರೀತಾ ಇದ್ದೆ!”

ಅವರ ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ಸಮಿತಿಯವರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ನಿಜ ಹೇಳಲಾ? ನನಗೂ ಕುಣಿಯುವ ಹಾಗಾಯಿತು.

ಹಸುವಿನ ನಾಲಿಗೆ ಎಷ್ಟು ಒರಟು ಅಂತ ಧಡಿಯನಿಗೆ ಆಗ ಗೊತ್ತಾಗಿತ್ತು.

“ಸಾರ್! ಚರ್ಮ ಕಿತ್ ಬರ್ತಿದೆ! ಪೊಲೀಸರನ್ನ ಕರೀರಿ... ಕೈ ಮುಗೀತೀನಿ!”

ನಾನು ಪಿಸ್ತೂಲು ಎತ್ತಿಕೊಂಡೆ. ಹಸುಗಳನ್ನು ಎಣಿಸಿದೆ. ಒಂಬತ್ತು... ಹತ್ತು...

“ಕರೀತೀನಿ. ಅಲ್ಲೀವರೆಗೂ ಅಲ್ಲಾಡಬೇಡ. ಇನ್ನೂ ಎರಡು ಬಾಕಿ ಇವೆ!”