ಕದ ಹಾಕಿದ ಮೇಲೂ ಕೇಳಿಸ್ತೈತಾ?

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಕೈಯಲ್ಲಿರುವ ಈ ಬಿಸಿ ಚಹಾದ ಮೇಲೆ ಆಣೆ. ಬೇಕಾದರೆ ಎದುರು ಬೆಂಚಿನಲ್ಲಿ ತಲೆ ತಗ್ಗಿಸಿ ಮಂಡಕ್ಕಿ ತಿನ್ನುತ್ತಿರುವ ಆಸಾಮಿಯನ್ನು ಕೇಳಿ. ಈ ಕಥೆಗೆ ಅವರು ಇವತ್ತಿನ ತನಕ ಇಲ್ಲ ಅಂದಿಲ್ಲ. ಹೌದು ಅಂತಲೂ ಅಂದಿಲ್ಲ, ಅದು ಬೇರೆ ಮಾತು.

"ಕದ ಹಾಕ್ಬ್ಯಾಡ್ರಿ!"

ಆಶಾರಾಣಿ ಮಾರುತೇಶನಿಗೆ ಹೇಳಿದ ಮೊದಲ ಮಾತು ಇದು. ಹೇಳಿದ್ದಲ್ಲ, ಚೀರಿದ್ದು. ಹೊಸದುರ್ಗದ ಹೊರಗೆ, ಗಾಳಿ ಫ್ಯಾನುಗಳು ತಿರುಗುವ ಗುಡ್ಡದ ಕೆಳಗೆ ಮುರುಗಪ್ಪನವರ ದಾಳಿಂಬೆ ಕೋಲ್ಡ್ ಸ್ಟೋರೇಜ್ ಇದೆಯಲ್ಲ, ಅಲ್ಲಿ. ಆ ಚೀರಾಟಕ್ಕೆ ಹಣ್ಣು ಆರಿಸುತ್ತಿದ್ದ ದ್ಯಾಮಮ್ಮನ ಕೈಯಿಂದ ಒಂದು ದಾಳಿಂಬೆ ಜಾರಿ, ಉರುಳುತ್ತ ಹೊಳಲ್ಕೆರೆ ರಸ್ತೆಯ ತನಕ ಹೋಯಿತು. ಹೋಗಿರಲಿಕ್ಕಿಲ್ಲ ಅನ್ನುವವರು ಅಲ್ಲಿಯ ಇಳಿಜಾರು ನೋಡಿದವರಲ್ಲ.

ಮಾರುತೇಶನ ಒಂದು ಕೈ ತಣ್ಣನೆ ಕೋಣೆಯ ದಪ್ಪ ಕದದ ಮೇಲಿತ್ತು. ಇನ್ನೊಂದು ಕೈಯಲ್ಲಿ ಊಟದ ಡಬ್ಬಿಯಷ್ಟು ಬಿಳಿ ಪೆಟ್ಟಿಗೆ. ತಾಳ್ಯದ ಹುಡುಗ, ಸಿಗ್ನಲ್ ಬಾರದ ಕಟ್ಟಡಗಳಿಗೆ ಸಿಗ್ನಲ್ ತರುವುದು ಅವನ ಕಸುಬು. ಈ ಕೋಣೆಯ ಗೋಡೆಗೆ ಒಳಗೂ ಹೊರಗೂ ತಗಡು, ಹೊರಗಿನ ಟವರು ಎಷ್ಟು ಕೂಗಿದರೂ ಒಳಗೆ ಕೇಳದು. ಈ ಪೆಟ್ಟಿಗೆ ಇಂಟರ್ನೆಟ್ ವೈರಿಗೆ ಕಚ್ಚಿಕೊಂಡು ತಾನೇ ಒಂದು ಪುಟ್ಟ ಟವರ್ ಆಗುತ್ತದೆ, ಅದರಿಂದ ಒಂದು ತಂತಿ ಒಳಗೆ ಎಳೆದರೆ ಆಯಿತು ಎಂದು ಅವನು ವಿವರಿಸಿದ.

"ಕದ ತೆಗ್ದಿದ್ರೆ ಎಲ್ಲಾರಿಗೂ ಕೇಳಿಸ್ತೈತೆ ಮೇಡಂ. ಕದ ಹಾಕಿದ ಮೇಲೂ ಕೇಳಿಸ್ತೈತಾ ಅಂತ ನೋಡೋದೇ ನನ್ ಕೆಲ್ಸ."

ಒಳಗಿನಿಂದ ಮುಖಕ್ಕೆ ಹೊಡೆಯುತ್ತಿದ್ದ ಥಂಡಿಗೂ ಅವಳ ಕುತ್ತಿಗೆಯ ಬೆವರು ಆರಲಿಲ್ಲ.

ಹೋದ ವರ್ಷ ದಸರಾ ಹೊತ್ತಿಗೆ ಅವಳು ಒಳಗಿದ್ದಾಗ ಆ ಕದ ಹಾಕಿಕೊಂಡಿತ್ತು. ಒಳಗಿನ ಚಿಲಕ ತಿರುಗಲಿಲ್ಲ. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಬಡಿದಳು, ಕೂಗಿದಳು, ಕೊನೆಗೆ ಕೂಗಲು ದನಿಯೂ ಉಳಿಯಲಿಲ್ಲ... ಊಟಕ್ಕೆ ಬರಲಿಲ್ಲವಲ್ಲ ಎಂದು ದ್ಯಾಮಮ್ಮ ಹುಡುಕಿ ಬಂದು ತೆಗೆದಾಗ ಅವಳ ಬೆರಳುಗಳು ಮಡಚುತ್ತಿರಲಿಲ್ಲ.

ಮುರುಗಪ್ಪನವರಿಗೆ ಇದು ಗೊತ್ತಿಲ್ಲ. ಗೊತ್ತಾಗಲೂ ಬಾರದು. ಒಳಗೆ ಹೋಗಿ ಥಂಡಿ ಎಷ್ಟಿದೆಯೆಂದು ನೋಡಿ ಬರುವುದೇ ಅವಳ ಕೆಲಸ. ಕದಕ್ಕೆ ಹೆದರುವವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಪ್ರತಿ ಸಲವೂ ಹೊಸ್ತಿಲಿಗೆ ಒಂದು ಕ್ರೇಟು ಅಡ್ಡ ಇಟ್ಟು, ದ್ಯಾಮಮ್ಮನನ್ನು ಕಾವಲಿಟ್ಟು, ಉಸಿರು ಬಿಗಿಹಿಡಿದು ಓಡಿಹೋಗಿ ಓಡಿಬರುತ್ತಿದ್ದಳು.

ಮಾರುತೇಶ ಇದನ್ನು ನೋಡಿದ. ಒಮ್ಮೆ ಒಳಗಿನ ಚಿಲಕವನ್ನೂ ತಿರುಗಿಸಿ ನೋಡಿದ. ಆಮೇಲೆ ಅವಳತ್ತ ನೋಡಿದ. ಮತ್ತೆ ತನ್ನ ತಂತಿ ಎಳೆಯಲು ಬಾಗಿದ.

ಮರುದಿನದಿಂದ ಅವಳು ಒಳಗೆ ಹೋಗುವ ಹೊತ್ತಿಗೆ ಸರಿಯಾಗಿ ಅವನ ಕೆಲಸ ಹೊಸ್ತಿಲಲ್ಲೇ ಇರುತ್ತಿತ್ತು. ಕದಕ್ಕೆ ಬೆನ್ನು ಕೊಟ್ಟು ಕೂತು, ತಾಳ್ಯದ ತನ್ನ ಅಜ್ಜಿಯ ಎಮ್ಮೆಯ ಕಥೆ ಹೇಳುತ್ತಿದ್ದ. ರಿಂಗ್‌ಟೋನ್ ಕೇಳಿಸದಿದ್ದರೆ ಹಾಲು ಕೊಡದ ಎಮ್ಮೆಯಂತೆ ಅದು. ಒಳಗಿದ್ದ ಅವಳಿಗೆ ಆ ದನಿ ಒಂದು ಹಗ್ಗದಂತೆ. ಹಿಡಿದುಕೊಂಡು ಹೋಗಿ, ಹಿಡಿದುಕೊಂಡು ಬರುತ್ತಿದ್ದಳು.

'ಈ ಪೆಟ್ಟಿಗೆ ಕೆಲಸ ಮಾಡೋಕೆ ಶುರುವಾದ್ರೆ ಇವನು ಹೋಗಿಬಿಡ್ತಾನಲ್ಲ...'

ಒಂದು ಹೆದರಿಕೆ ಸಾಲದೆಂದು ಈಗ ಎರಡಾದವು.

ಮಾರುತೇಶನ ಕೆಲಸದ ಕೊನೆಯ ದಿನ ಬೆಳಿಗ್ಗೆ ಮುರುಗಪ್ಪನವರು ಅವಳನ್ನು ಕರೆದು, ನಾಳೆಯಿಂದ ಒಳಗೆ ಹೋಗುವುದು ಬೇಡ, ಹಣ್ಣು ಆರಿಸಲು ಕೂತುಕೋ ಎಂದರು. ಯಾಕೆಂದು ಕೇಳಿದ್ದಕ್ಕೆ, ಸಿಗ್ನಲ್ ಹುಡುಗ ಹೇಳಿದನಮ್ಮ ಎಂದು ಸ್ಕೂಟರ್ ಹತ್ತಿ ಹೋದರು.

ನೋಡಿಯೂ ನೋಡದ ಹಾಗೆ ಇದ್ದನಲ್ಲ... ಎಲ್ಲವನ್ನೂ ಗಂಟು ಕಟ್ಟಿ ಸಾಹುಕಾರರ ಕೈಗೆ ಕೊಟ್ಟನೇ?

ಮಾರುತೇಶ ಪೆಟ್ಟಿಗೆಯನ್ನು ಆಫೀಸಿನ ಕಿಟಕಿಯಲ್ಲಿಟ್ಟು ಪ್ಲಗ್ ಹಾಕಿದ. ಆಕಾಶದ ಉಪಗ್ರಹ ಕಂಡು, ತಾನಿರುವುದು ಎಲ್ಲಿ ಎಂದು ತಿಳಿದುಕೊಳ್ಳುವ ತನಕ ಅದು ಮಾತಾಡದಂತೆ. ಬಹಳ ಹೊತ್ತು ಮಿಟುಕಿ ಮಿಟುಕಿ, ಕೊನೆಗೆ ಹಸಿರು ದೀಪ ನಿಂತಿತು.

ಒಳಗೆ ತಾನೇ ಹೋಗುತ್ತೇನೆ, ನೀವು ಹೊರಗಿದ್ದು ಮಾತಾಡಿದರೆ ಸಾಕು ಎಂದ. ಆ ಚಿಲಕ ಸರಿಯಿಲ್ಲವಲ್ಲ ಎಂದು ಅವಳು ಗೊಣಗಿದಳು.

"ಹೊರಗೆ ನೀವಿರ್ತೀರಲ್ಲ," ಎಂದು ನಡೆದೇಬಿಟ್ಟ.

ಅವಳೇ ಕೈಯಾರೆ ಕದ ಹಾಕಿದಳು. ಧಪ್!

ಫೋನು ಬಾರಿಸಿತು.

"ಕೇಳಿಸ್ತೈತಾ?"

"ಕೇಳಿಸ್ತೈತೆ." ಅವಳ ದನಿ ನಡುಗಿತು. "ನಾನು ಹೆದ್ರುಪುಕ್ಲಿ ಅಂತ ಸಾಹುಕಾರ್ರಿಗೆ ಹೇಳಿದ್ರಂತೆ. ಈಗ ಸಮಾಧಾನ ಆಯ್ತಾ?"

ಆ ಕಡೆ ಕೋಣೆಯ ಫ್ಯಾನಿನ ಮೊರೆತದ ಮೇಲೆ ಅವನು ದನಿ ಏರಿಸಿದ.

"ನಾನು ಹೇಳಿದ್ದು ಅದಲ್ಲ. ಆಶಾ, ನಾನು ನಿಮ್ಮನ್ನ..."

ಕರೆ ಕಟ್ ಆಯಿತು.

ಕಟ್ ಮಾಡಿದನೇ? ಉತ್ತರ ಕೊಡಲಾಗದೆ ಕಟ್ ಮಾಡಿದನೇ? ಅವಳು ಕ್ರೇಟಿನ ಮೇಲೆ ಕೂತಳು. ಇರಲಿ ಒಳಗೇ. ಥಂಡಿ ಅಂದರೇನು ಅಂತ ಅವನಿಗೂ ಗೊತ್ತಾಗಲಿ.

ಕಣ್ಣು ಒರೆಸಿಕೊಂಡು ಆಫೀಸಿನ ಕಡೆ ತಿರುಗಿದಳು. ಅಲ್ಲಿ ದ್ಯಾಮಮ್ಮ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು, ಬಿಳಿ ಪೆಟ್ಟಿಗೆಗೆ ಶ್ರದ್ಧೆಯಿಂದ ಮೂರು ಗೆರೆ ಎಳೆಯುತ್ತಿದ್ದಳು. ತಕ್ಕಡಿಯಿಂದ ಹಿಡಿದು ಸ್ಟೇಪ್ಲರಿನ ತನಕ ಆ ಮೂರು ಗೆರೆ ತಪ್ಪಿಸಿಕೊಂಡ ವಸ್ತು ಅಲ್ಲಿ ಇರಲಿಲ್ಲ.

ಪೆಟ್ಟಿಗೆಯಲ್ಲಿ ದೀಪವಿಲ್ಲ.

"ಒದ್ದೆ ಕೈ ಕಣವ್ವ, ಕರೆಂಟ್ ಹೊಡಿಯಲ್ವಾ? ಅದ್ಕೇ ಪಿನ್ನು ಕಿತ್ತಿಟ್ಟೀನಿ," ಎಂದಳು ದ್ಯಾಮಮ್ಮ.

ಆಶಾರಾಣಿ ತಾನೇ ನುಗ್ಗಿ ಪ್ಲಗ್ ಚುಚ್ಚಿದಳು. ದೀಪ ಮತ್ತೆ ಮೊದಲಿನಿಂದ ಮಿಟುಕಲು ಶುರುಮಾಡಿತು. ಇನ್ನು ಅದು ಆಕಾಶ ಹುಡುಕಬೇಕು. ಅವನು ಕಟ್ ಮಾಡಿರಲಿಲ್ಲ... ಅವನು ಒಳಗಿದ್ದಾನೆ, ಚಿಲಕ ತಿರುಗುವುದಿಲ್ಲ, ಎಷ್ಟು ಬಡಿದನೋ ಏನೋ!

ಓಡಿದಳು. ಹಿಡಿಗೆ ಜೋತುಬಿದ್ದು ಕದ ಎಳೆದಳು. ಬೆಳ್ಳನೆ ಹೊಗೆ ಕಾಲಿಗೆ ಸುತ್ತಿಕೊಂಡಿತು. ಅವನು ಕದದ ಬಳಿ ಇರಲಿಲ್ಲ. ಕೂಗಿದರೆ ಫ್ಯಾನಿನ ಮೊರೆತ ಕೂಗನ್ನು ನುಂಗಿತು.

ಹೊಸ್ತಿಲಿಗೆ ಕ್ರೇಟು ಅಡ್ಡ ತಳ್ಳಿದಳು. ಈ ಸಲ ಹಿಡಿದುಕೊಳ್ಳಲು ದನಿಯ ಹಗ್ಗವೂ ಇಲ್ಲ... ಕಣ್ಣು ಮುಚ್ಚಿ ಒಳಗೆ ಕಾಲಿಟ್ಟಳು.

ಕಡೆಯ ಸಾಲಿನ ಹಿಂದೆ, ಮೂಲೆಯಲ್ಲಿ ಮಾರುತೇಶ ಗೋಡೆಗೆ ಮುಖ ಮಾಡಿ ನಿಂತಿದ್ದ. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು. ಸತ್ತ ಫೋನಿಗೆ ಪುಣ್ಯಾತ್ಮ ಇನ್ನೂ ಮಾತಾಡುತ್ತಲೇ ಇದ್ದ.

"...ಚಿಲಕ ಹೊಸದು ಹಾಕ್ಸೋ ತನಕ ಯಾರನ್ನೂ ಒಳಗೆ ಬಿಡಬ್ಯಾಡ್ರಿ ಅಂದೆ, ಅಷ್ಟೇ. ನೀವು ಒಳಗೆ ಹೋದಾಗೆಲ್ಲಾ ನನ್ ಜೀವ ಹೊಸ್ತಿಲಾಗೆ ಕುಂತಿರ್ತೈತೆ. ಹೆದ್ರುಪುಕ್ಲ ನಾನು ಕಣ್ರಿ. ನಾಳೆಯಿಂದ ನಂಗೆ ಇಲ್ಲಿ ಕೆಲ್ಸ ಇಲ್ಲ, ಅದೇ ಹೆದ್ರಿಕೆ. ಆಶಾ? ಕೇಳಿಸ್ತೈತಾ?"

"ಕೇಳಿಸ್ತೈತೆ," ಎಂದಳು, ಅವನ ಬೆನ್ನ ಹಿಂದಿನಿಂದ.

ಅವನು ಹಾರಿದ ರಭಸಕ್ಕೆ ಆ ಕೋಣೆಯ ಚಾವಣಿಯಲ್ಲಿ ಇವತ್ತಿಗೂ ಒಂದು ತಗ್ಗಿದೆ.

ಅಷ್ಟರಲ್ಲಿ... ಧಪ್!

ಇಬ್ಬರೂ ಚಹಾ ಕುಡಿಯಲು ಹೋಗಿದ್ದಾರೆ, ಸುಮ್ಮನೆ ತಂಪು ಪೋಲಾಗುತ್ತಿದೆ ಎಂದುಕೊಂಡು ದ್ಯಾಮಮ್ಮ ಕ್ರೇಟು ಸರಿಸಿ ಕದ ಹಾಕಿದ್ದಳು.

ಕತ್ತಲು. ಅವಳು ನೆಲಕ್ಕೆ ಕುಕ್ಕರಿಸಿದಳು. ದಸರಾದ ಆ ದಿನ ಪೂರ್ತಿಯಾಗಿ ವಾಪಸ್ಸು ಬಂದು ಎದೆಯ ಮೇಲೆ ಕೂತಿತು. ಅವನು ಹೆದರಬೇಡ ಎನ್ನಲಿಲ್ಲ. ಪಕ್ಕದಲ್ಲಿ ಕೂತು, ತನ್ನ ಜಾಕೀಟು ಅವಳ ಹೆಗಲಿಗೆ ಹೊದಿಸಿದ.

"ಎಮ್ಮೆ ಕಥೆ ಹೇಳ್ಲಾ?"

"ಬ್ಯಾಡ." ಹಲ್ಲು ಕಟಕಟ ಎನ್ನುತ್ತಿತ್ತು. "ಫೋನಿಗೆ ಹೇಳಿದ್ರಲ್ಲ... ಅದನ್ನ ನಂಗೆ ಹೇಳ್ರಿ."

ಅವನು ಹೇಳಿದ. ಕಟ್ ಆಗಿದ್ದ ಮಾತನ್ನೂ ಸೇರಿಸಿ, ಮೊದಲಿನಿಂದ. ಹೇಳುವಾಗ ಅವನ ದನಿಯೂ ನಡುಗುತ್ತಿತ್ತು, ಥಂಡಿಗಲ್ಲ.

"ಅಷ್ಟು ಹೆದ್ರಿಕೆ ಇದ್ದೋರು ಒಳಗ್ಯಾಕೆ ಬಂದ್ರಿ?"

"ಒಳಗೆ ನೀವಿದ್ರಲ್ಲ."

ಆಗ ಅವಳ ಅಂಗೈಯಲ್ಲಿ ಬೆಳಕು ಮೂಡಿತು. ಫೋನಿನಲ್ಲಿ ಒಂದು ಕಡ್ಡಿ. ಆಮೇಲೆ ಎರಡು. ಯಾವ ಕಡ್ಡಿಗಾಗಿ ಅವತ್ತು ದನಿ ಹೋಗುವ ತನಕ ಕೂಗಿದ್ದಳೋ, ಅದು. ದ್ಯಾಮಮ್ಮನ ನಂಬರಿನ ಮೇಲೆ ಅವಳ ಹೆಬ್ಬೆರಳು ಹಾಗೇ ನಿಂತಿತು.

"ಸಿಗ್ನಲ್ ಬಂತು," ಎಂದ.

"ಬಂತು."

"ಮಾಡಲ್ವಾ?"

"ಮಾಡ್ತೀನಿ... ಒಂದು ಗಳಿಗೆ ತಡೀರಿ."

ಆ ಒಂದು ಗಳಿಗೆಯಲ್ಲಿ ಏನಾಯಿತು ಅಂದರೆ, ಇದೂ ಚಹಾದ ಆಣೆ, ನಿಜ, ಅವನು ಮೆಲ್ಲಗೆ ಅವಳ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ...

ಬೆಂಚಿನ ಆಸಾಮಿಯ ಫೋನು ಬಾರಿಸಿತು.

"ಹ್ಞೂ ಆಶಾ, ಕೇಳಿಸ್ತೈತೆ," ಎನ್ನುತ್ತ ಅವರು ಮಂಡಕ್ಕಿ ಪೊಟ್ಟಣ ಬಿಟ್ಟು ಎದ್ದರು. "ಬಂದೆ. ಕದ ಹಾಕ್ಬ್ಯಾಡ."

ಏ ಮಾರುತೇಶಪ್ಪ, ಕುಂತ್ಕಳ್ರಿ, ಕಿವಿಯ ಹತ್ತಿರ ಬಾಗಿ ನೀವು ಹೇಳಿದ್ದು ಏನಂತ ಹೇಳಿ ಹೋಗ್ರಿ...